ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಆರಿಸಿ: ಕಾಡುಬೆಟ್ಟದ ಹಾದಿಗೆ ಗಾಡಿ, ಟೈರ್ ಮತ್ತು ಉಳಿದದ್ದು

ಮೊದಲ ಸಲ ಬೆಟ್ಟದ ಕಾಡುಹಾದಿಗೆ ಗಾಡಿ ಬಿಟ್ಟ ದಿನ ನಾನು ಹೆದರಿದ್ದು ಹತ್ತುವಾಗ ಅಲ್ಲ. ಹತ್ತುವಾಗ ಖುಷಿಯೇ ಇತ್ತು. ಗಾಜಿನ ತುಂಬ ಆಕಾಶ, ಎಂಜಿನ್ ಗುರುಗುಡುವ ಸದ್ದು. ಶಕ್ತಿ ಸಾಲದಿದ್ದರೆ ಗಾಡಿ ನಿಲ್ಲುತ್ತದೆ, ಅಷ್ಟೇ ತಾನೆ?

ಇಳಿಯುವಾಗ ಲೆಕ್ಕ ಬೇರೆ. ಒಂದು ತಿರುವಿನ ಆಚೆ ಎರಡು ದಪ್ಪ ಬೇರುಗಳು ಹಾದಿಗೆ ಓರೆಯಾಗಿ ಚಾಚಿದ್ದವು. ರಾತ್ರಿಯ ಮಳೆಗೆ ನೆಂದು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿದ್ದವು. ಬ್ರೇಕ್ ತುಳಿದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಲ್ಲದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಹಳೇ ಗಾಡಿ. ನಾಲ್ಕೂ ಚಕ್ರ ನಿಂತವು, ಗಾಡಿ ಮಾತ್ರ ನಿಲ್ಲಲಿಲ್ಲ. ಬೇರಿನ ಮೇಲೆ ಅಡ್ಡಡ್ಡ ಜಾರಿ, ಎಡಗಡೆಯ ದಿಬ್ಬಕ್ಕೆ ಬಂಪರ್ ಒರಗಿಸಿ ನಿಂತಿತು. ಬಲಗಡೆಗೆ ಜಾರಿದ್ದರೆ ಅಲ್ಲಿ ದಿಬ್ಬ ಇರಲಿಲ್ಲ. ಮರದ ತುದಿಗಳು ಕಾಣುತ್ತಿದ್ದವು.

ಅವತ್ತಿನಿಂದ ಗಾಡಿಯಾಗಲಿ, ಟೈರ್ ಆಗಲಿ, ಏನನ್ನೇ ಹೋಲಿಸುವಾಗಲೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಳಿಯುವಾಗ ಇದು ನನಗೆ ಏನು ಸಹಾಯ ಮಾಡುತ್ತದೆ? ಜಾಹೀರಾತುಗಳಲ್ಲಿ ಗಾಡಿ ಯಾವಾಗಲೂ ಹತ್ತುತ್ತಲೇ ಇರುತ್ತದೆ. ಇಳಿಯುವುದನ್ನು ಯಾರೂ ತೋರಿಸುವುದಿಲ್ಲ. ಆದರೆ ಹತ್ತಿದ್ದನ್ನೆಲ್ಲ ಇಳಿಯಲೇಬೇಕು, ಅಲ್ವಾ?

ಮಧ್ಯಮ ಹಾದಿ ಅಂದರೆ ಎಷ್ಟು?

ಹೋಲಿಕೆಗೆ ಮೊದಲು ಹಾದಿ ಯಾವುದು ಅಂತ ಗೊತ್ತಿರಬೇಕು. ನಾನು ಇಲ್ಲಿ ಹೇಳುತ್ತಿರುವುದು ಸಾದಾ ಮಣ್ಣುರಸ್ತೆಯ ಬಗ್ಗೆ ಅಲ್ಲ, ಅಲ್ಲಿಗೆ ಯಾವ ಕಾರಾದರೂ ಹೋಗುತ್ತದೆ. ಆಳೆತ್ತರದ ಬಂಡೆ ಹತ್ತುವ ಸಾಹಸದ ಬಗ್ಗೆಯೂ ಅಲ್ಲ. ನಡುವಿನದ್ದು. ಒಂದು ಗಾಡಿ ಹಿಡಿಸುವಷ್ಟು ಅಗಲ. ಫುಟ್‌ಬಾಲ್ ಗಾತ್ರದ ಕಲ್ಲುಗಳು. ಮಳೆನೀರು ಕೊರೆದ ಕೊರಕಲು. ಮೊಣಕಾಲಿಗಿಂತ ಕೆಳಗೆ ನೀರಿರುವ ಒಂದೆರಡು ಹಳ್ಳ. ಒಂದೇ ಸಲಕ್ಕೆ ತಿರುಗಿಸಲು ಆಗದ, ಹಿಂದೆ ಮುಂದೆ ಮಾಡಿ ತಿರುಗಿಸಬೇಕಾದ ತಿರುವುಗಳು.

ಬರೀ ಬೆಟ್ಟಕ್ಕಿಂತ ಕಾಡಿರುವ ಬೆಟ್ಟದ ತಕರಾರು ಬೇರೆ. ನೆರಳಿರುವ ಕಡೆ ಮಣ್ಣು ಒಣಗುವುದೇ ಇಲ್ಲ. ಮಳೆ ನಿಂತು ನಾಲ್ಕು ದಿನ ಆದರೂ ಒಂದು ತಿರುವು ಧೂಳು, ಮುಂದಿನ ತಿರುವು ಕೆಸರು. ಉದುರಿದ ಎಲೆ ಹಾಸಿಗೆಯ ಕೆಳಗೆ ಗುಂಡಿಯೋ ಕಲ್ಲೋ ಕಾಣುವುದಿಲ್ಲ. ಎಲೆಯೂ ಜಾರುತ್ತದೆ, ಬೇರು ಇನ್ನೂ ಜಾಸ್ತಿ ಜಾರುತ್ತದೆ. ಆದ್ದರಿಂದ ಯಾರಾದರೂ "ಆ ಹಾದಿ ಮಧ್ಯಮ" ಅಂದರೆ, ಅವರು ಯಾವ ತಿಂಗಳಲ್ಲಿ ಹೋಗಿದ್ದರು ಅಂತ ಕೇಳಿ. ಒಣಗಿದ್ದಾಗ ಮಧ್ಯಮವಾಗಿದ್ದ ಹಾದಿ ನೆಂದಾಗ ಒಂದು ಮೆಟ್ಟಿಲು ಮೇಲಕ್ಕೆ ಹೋಗಿರುತ್ತದೆ.

ಆಲ್ ವೀಲ್ ಡ್ರೈವ್ ಸಾಕಾ, ಲೋ ರೇಂಜ್ ಬೇಕಾ?

ಎಲ್ಲರೂ ಸಿಕ್ಕಿಕೊಳ್ಳುವುದು ಈ ಪ್ರಶ್ನೆಯಲ್ಲೇ. ಒಂದು ಕಡೆ ಆಲ್ ವೀಲ್ ಡ್ರೈವ್ ಇರುವ ಮೆತ್ತನೆಯ ಎಸ್‌ಯುವಿಗಳು. ಊರಲ್ಲೂ ಹೆದ್ದಾರಿಯಲ್ಲೂ ಆರಾಮ. ಸುಬಾರು ಫಾರೆಸ್ಟರ್‌ನಂಥವು ಈ ಗುಂಪಿನವು. ಇನ್ನೊಂದು ಕಡೆ ಚಾಸಿ ಅಂದರೆ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮತ್ತು ಲೋ ರೇಂಜ್ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಇನ್ನೊಂದು ಗೇರ್ ಹಂತ) ಇರುವ ಗಾಡಿಗಳು. ಜಿಮ್ನಿ, ಥಾರ್, ಗೂರ್ಖಾ, ರ‍್ಯಾಂಗ್ಲರ್, ಲ್ಯಾಂಡ್ ಕ್ರೂಸರ್ ಇವೆಲ್ಲ ಆ ಜಾತಿ.

ಹತ್ತುವ ಲೆಕ್ಕ ಮಾತ್ರ ಹಾಕಿದರೆ ಮೊದಲ ಗುಂಪೂ ತಕ್ಕಮಟ್ಟಿಗೆ ಪಾಸ್. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಸ್ವಲ್ಪ ವೇಗ ಕೊಟ್ಟು ಹತ್ತಿಸಬಹುದು. ಆದರೆ ಇಂಥ ಎಷ್ಟೋ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ಒಂದು ಸಣ್ಣ ಕ್ಲಚ್ ಪ್ಯಾಕ್ (ಒಂದಕ್ಕೊಂದು ಒತ್ತಿ ಶಕ್ತಿ ದಾಟಿಸುವ ತಟ್ಟೆಗಳ ಕಟ್ಟು) ಮೂಲಕ. ನಿಧಾನವಾಗಿ, ತುಂಬ ಹೊತ್ತು, ಚಕ್ರ ಜಾರುತ್ತಾ ಹತ್ತಿದರೆ ಅದು ಬಿಸಿಯಾಗುತ್ತದೆ. ಜಾಸ್ತಿ ಬಿಸಿಯಾದರೆ ತನ್ನನ್ನು ತಾನೇ ಉಳಿಸಿಕೊಳ್ಳಲು ಕೈ ಬಿಡುತ್ತದೆ. ಆಗ ನಿಮ್ಮ ಹತ್ತಿರ ಇರುವುದು ಬರೀ ಮುಂದಿನ ಚಕ್ರದ ಕಾರು, ಅದೂ ಏರಿನ ನಡುವೆ. ಸಿವಿಟಿ (ಬೆಲ್ಟ್ ಇಲ್ಲವೇ ಚೈನ್ ಮೇಲೆ ನಡೆಯುವ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಇದ್ದರೆ ಅದೂ ಬಿಸಿಯಾಗುತ್ತದೆ.

ಇಳಿಯುವಾಗ ಅಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ಲೆಕ್ಕ ಹಾಕೋಣ. ಟೈರಿನ ಅಡ್ಡಳತೆ ಸುಮಾರು 76 ಸೆಂ.ಮೀ. ಅಂದುಕೊಳ್ಳಿ. ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ನಿಮಿಷಕ್ಕೆ 800 ಸುತ್ತು. ಮೊದಲ ಗೇರ್, ಟ್ರಾನ್ಸ್‌ಫರ್ ಕೇಸ್, ಆಕ್ಸಲ್, ಈ ಮೂರರ ಅನುಪಾತ ಗುಣಿಸಿದರೆ ಲೋ ರೇಂಜ್ ಗಾಡಿಯಲ್ಲಿ 40ರ ಆಸುಪಾಸು ಬರಬಹುದು. ಆಗ ಗಾಡಿ ಗಂಟೆಗೆ ಸುಮಾರು 3 ಕಿ.ಮೀ. ವೇಗದಲ್ಲಿ ತೆವಳುತ್ತದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನ. ಲೋ ರೇಂಜ್ ಇಲ್ಲದೆ ಒಟ್ಟು ಅನುಪಾತ 15 ಇದ್ದರೆ ಅದೇ ಐಡಲ್‌ನಲ್ಲಿ ವೇಗ 7ರಿಂದ 8 ಕಿ.ಮೀ. ಕಾಗದದ ಮೇಲೆ ಇದು ಏನೂ ಅಲ್ಲ. ಒದ್ದೆ ಕಲ್ಲಿನ ಇಳಿಜಾರಿನಲ್ಲಿ ಇದು ಪಕ್ಕದಲ್ಲಿ ನಡೆದು ಬರುವ ಗೆಳೆಯನಿಗೂ ಓಡಿ ಬರುವ ಗೆಳೆಯನಿಗೂ ಇರುವ ವ್ಯತ್ಯಾಸ. 8ರಿಂದ 3ಕ್ಕೆ ಇಳಿಸಬೇಕಾದರೆ ನಿಮಗೆ ಉಳಿದಿರುವುದು ಬ್ರೇಕ್ ಒಂದೇ. ಜಾರುವ ಜಾಗದಲ್ಲಿ ಬ್ರೇಕ್ ಅಂದರೆ ಚಕ್ರ ನಿಲ್ಲುವ ಅಪಾಯ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಆ ಎಂಜಿನ್ ಹಿಡಿತದಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ತಿರುಗುವ ಚಕ್ರ ಸ್ಟೇರಿಂಗ್ ಮಾತು ಕೇಳುತ್ತದೆ, ನಿಂತ ಚಕ್ರ ಕೇಳುವುದಿಲ್ಲ.

"ಹಿಲ್ ಡಿಸೆಂಟ್ ಇದೆಯಲ್ಲ" ಅನ್ನುತ್ತೀರಾ? ಇದೆ, ಒಳ್ಳೆಯದೇ. ಕಾಲು ತೆಗೆದರೆ ಗಾಡಿಯೇ ಒಂದೊಂದು ಚಕ್ರದ ಬ್ರೇಕ್ ಹಿಡಿದು ಬಿಟ್ಟು ಕರಕರ ಸದ್ದು ಮಾಡುತ್ತಾ ಇಳಿಸುತ್ತದೆ. ಸಣ್ಣ ಇಳಿಜಾರಿಗೆ ಇದು ಸಾಕು. ಅರ್ಧ ಗಂಟೆಯ ಇಳಿತಕ್ಕೆ ಮಾತ್ರ ನನಗೆ ನಂಬಿಕೆ ಇಲ್ಲ, ಯಾಕೆಂದರೆ ಕೆಲಸ ಮಾಡುತ್ತಿರುವುದು ಮತ್ತದೇ ಬ್ರೇಕ್. ಅದು ಬಿಸಿಯಾಗುತ್ತದೆ. ಲೋ ರೇಂಜ್ ಒಂದನೇ ಗೇರಿಗೆ ಆ ಕಾಟ ಇಲ್ಲ.

ನನ್ನ ತೀರ್ಪು: ಹಾದಿ ಒಣಗಿದೆ, ಕಡಿದಾದ ಇಳಿತ ಉದ್ದ ಇಲ್ಲ, ನೆಲದಿಂದ ಗಾಡಿಯ ಹೊಟ್ಟೆಗೆ 200 ಮಿ.ಮೀ. ಎತ್ತರ (ಗ್ರೌಂಡ್ ಕ್ಲಿಯರೆನ್ಸ್) ಇದೆ ಅಂದರೆ ಆಲ್ ವೀಲ್ ಡ್ರೈವ್ ಗಾಡಿ ತಗೊಂಡು ಹೋಗಿ. ಇದರಲ್ಲಿ ಒಂದು ತಪ್ಪಿದರೂ ಲೋ ರೇಂಜ್ ಇರುವ ಗಾಡಿಯೇ ಸರಿ. ಎಲ್ಲ ಲೋ ರೇಂಜೂ ಒಂದೇ ಅಲ್ಲ ಅನ್ನುವುದೂ ನೆನಪಿರಲಿ. ಲೋ ರೇಂಜ್ ಅನುಪಾತದ ಮೊದಲ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ನಿಧಾನವಾಗಿ ತೆವಳುತ್ತದೆ. ಜಿಮ್ನಿಯದು ಸುಮಾರು 2ಕ್ಕೆ 1. ರ‍್ಯಾಂಗ್ಲರ್ ಸಾಮಾನ್ಯ ಮಾದರಿಯದು 2.72ಕ್ಕೆ 1, ರೂಬಿಕಾನ್ ಮಾದರಿಯದು 4ಕ್ಕೆ 1. ಮಧ್ಯಮ ಹಾದಿಗೆ 4 ಬೇಕೇ ಬೇಕು ಅಂತೇನಿಲ್ಲ. ಜಿಮ್ನಿ ತೂಕ ಕಡಿಮೆ, ಅದಕ್ಕೆ 2 ಸಾಕಾಗುತ್ತದೆ.

ಇನ್ನೊಂದು ಮಾತು. ಪಾರ್ಟ್ ಟೈಮ್ ಫೋರ್ ಬೈ ಫೋರ್ ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯಲ್ಲಿ, ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ಎರಡು ಕಡೆಯೂ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವುದಿಲ್ಲ. ಕೆಸರು, ಜಲ್ಲಿ, ಎಲೆಯ ಮೇಲೆ ಮಾತ್ರ ಫೋರ್ ಬೈ ಫೋರ್ ಹಾಕಿ. ಒಣ ಡಾಂಬರಿನ ಮೇಲೆ ಹಾಕಿಕೊಂಡು ತಿರುಗಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದನ್ನೊಂದು ಎಳೆದಾಡುತ್ತವೆ. ಸ್ಟೇರಿಂಗ್ ಬಿಗಿಯಾಗುತ್ತದೆ, ಲಿವರ್ ಸಿಕ್ಕಿಕೊಳ್ಳುತ್ತದೆ.

ಗಿಡ್ಡ ಗಾಡಿಯೋ, ಉದ್ದ ಗಾಡಿಯೋ

ಗ್ರೌಂಡ್ ಕ್ಲಿಯರೆನ್ಸ್ ಸಂಖ್ಯೆಯೊಂದನ್ನೇ ನೋಡಿ ಗಾಡಿ ಆರಿಸುವವರು ಜಾಸ್ತಿ. ಅದು ಅರ್ಧ ಕಥೆ. ದಿಣ್ಣೆ ದಾಟುವಾಗ ಹೊಟ್ಟೆ ತಾಗುತ್ತದೋ ಇಲ್ಲವೋ ಅನ್ನುವುದು ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರದ ಮೇಲೂ ನಿಂತಿದೆ. ಮೂರು ಬಾಗಿಲಿನ ಜಿಮ್ನಿಯಲ್ಲಿ ಆ ದೂರ 2250 ಮಿ.ಮೀ., ಐದು ಬಾಗಿಲಿನದರಲ್ಲಿ 2590. ಎರಡಕ್ಕೂ ನೆಲದಿಂದ ಎತ್ತರ 210 ಮಿ.ಮೀ. ಎತ್ತರ ಒಂದೇ ಆದರೂ ಚೂಪು ದಿಣ್ಣೆಯಲ್ಲಿ ಉದ್ದದ್ದು ಮೊದಲು ಹೊಟ್ಟೆ ಉಜ್ಜುತ್ತದೆ. ರ‍್ಯಾಂಗ್ಲರ್‌ನಲ್ಲೂ ಹೀಗೇ. ಎರಡು ಬಾಗಿಲಿನದು ಸುಮಾರು 2460, ನಾಲ್ಕು ಬಾಗಿಲಿನದು ಸುಮಾರು 3000.

ಕಾಡಲ್ಲಿ ಗಿಡ್ಡ ಗಾಡಿಯ ದೊಡ್ಡ ಲಾಭ ತಿರುವು. ಮರಗಳ ನಡುವೆ ಮೂರು ಸಲ ಹಿಂದೆ ಮುಂದೆ ಮಾಡಬೇಕಾದ ಕಡೆ ಒಂದು ಸಲಕ್ಕೆ ಮುಗಿಯುತ್ತದೆ. ಪ್ರಪಾತದ ಪಕ್ಕ ರಿವರ್ಸ್ ಹಾಕುವ ಪ್ರತಿ ಸಲವೂ ಎದೆ ಒಮ್ಮೆ ಹಾರುತ್ತದೆ, ಅದನ್ನು ಎರಡು ಸಲ ಕಡಿಮೆ ಮಾಡುವುದು ಸಣ್ಣ ಮಾತಲ್ಲ. ಆದರೆ ಕಡಿದಾದ ಇಳಿಜಾರಿನಲ್ಲಿ ಉದ್ದ ಗಾಡಿ ಹೆಚ್ಚು ಸಮಾಧಾನಿ. ಗಿಡ್ಡದ್ದು ಮೆಟ್ಟಿಲಿನಂಥ ಕಲ್ಲು ಇಳಿಯುವಾಗ ಮೂಗು ಮುಗ್ಗರಿಸಿದ ಹಾಗೆ ಮಾಡುತ್ತದೆ, ಹಿಂಬದಿ ಹಗುರಾಗಿ ಪಕ್ಕಕ್ಕೆ ಜಾರಲು ನೋಡುತ್ತದೆ. ಹಾದಿ ಕಿರಿದು, ತಿರುವು ಜಾಸ್ತಿ ಅಂದರೆ ಗಿಡ್ಡದ್ದು. ನಾಲ್ಕು ಜನ, ಎರಡು ದಿನದ ಸಾಮಾನು ಅಂದರೆ ಉದ್ದದ್ದು. ಸಾಮಾನನ್ನು ಮಾತ್ರ ಮೇಲೆ ಕ್ಯಾರಿಯರ್‌ಗೆ ಕಟ್ಟಬೇಡಿ, ಒಳಗೆ ಕೆಳಗೇ ಇಡಿ. ಪಕ್ಕಕ್ಕೆ ವಾಲಿದ ಹಾದಿಯಲ್ಲಿ ತಲೆಭಾರದ ಗಾಡಿ ಸುಮ್ನೆ ಅಪಾಯ.

ಟೈರ್: ದುಡ್ಡು ಹಾಕುವುದಾದರೆ ಇಲ್ಲಿ

ಗಾಡಿ ಈಗಾಗಲೇ ಮನೆಯಲ್ಲಿದೆ, ಒಂದೇ ಒಂದು ಬದಲಾವಣೆ ಮಾಡಬಹುದು ಅಂದರೆ ನಾನು ಹೇಳುವುದು ಟೈರ್. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಅಲ್ಲ, ಲೈಟ್ ಅಲ್ಲ, ಎಂಜಿನ್ನಿಗೆ ಮೇಲಿಂದ ಗಾಳಿ ಎಳೆಯುವ ಕೊಳವೆ ಸ್ನಾರ್ಕೆಲ್ ಖಂಡಿತ ಅಲ್ಲ. ನೆಲ ಮುಟ್ಟುವುದು ಟೈರ್ ಒಂದೇ.

ಆಯ್ಕೆ ಮೂರು. ಹೆದ್ದಾರಿ ಟೈರ್ ಅಂದರೆ ಎಚ್‌ಟಿ, ಎರಡಕ್ಕೂ ಆಗುವ ಎಟಿ, ಕೆಸರಿನ ಎಂಟಿ.

ಎಚ್‌ಟಿ ಟೈರ್‌ನ ತೊಂದರೆ ಹಿಡಿತಕ್ಕಿಂತ ಮೈಯದ್ದು. ಅದರ ಪಕ್ಕದ ಗೋಡೆ ತೆಳು. ಕಾಡುಹಾದಿಯಲ್ಲಿ ಟೈರ್ ಸೀಳುವುದು ಹೆಚ್ಚಾಗಿ ಮಧ್ಯದಲ್ಲಲ್ಲ, ಪಕ್ಕದಲ್ಲಿ. ಮುರಿದ ಕೊಂಬೆಯ ಮೊನೆ, ಮಣ್ಣಲ್ಲಿ ಹೂತ ಚೂಪುಕಲ್ಲು. ಪಕ್ಕದ ಗೋಡೆ ಸೀಳಿದರೆ ಪಂಕ್ಚರ್ ಹಾಕಿ ಮುಂದೆ ಹೋಗುವ ಹಾಗಿಲ್ಲ. ಸ್ಟೆಪ್ನಿಯೇ ಗತಿ. ಆ ಸ್ಟೆಪ್ನಿಯೂ ಪೂರ್ತಿ ಅಳತೆಯದ್ದಿರಬೇಕು. ಕೆಲವು ಕಾರುಗಳಲ್ಲಿ ಕೊಡುವ ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ ಇಂಥ ಕಡೆ ಇದ್ದೂ ಇಲ್ಲದ ಹಾಗೆ.

ಎಂಟಿ ಟೈರ್ ನೋಡಲು ಚೆಂದ. ದೊಡ್ಡ ದೊಡ್ಡ ಗಂಟು, ನಡುವೆ ಅಗಲ ಸಂದು. ಆಳ ಕೆಸರಿನಲ್ಲಿ ಅದು ರಾಜ, ಸಂದಿಗೆ ಅಂಟಿದ ಮಣ್ಣನ್ನು ಕೊಡವಿಕೊಂಡು ಮುಂದೆ ಹೋಗುತ್ತದೆ. ಆದರೆ ನಿಮ್ಮ ಹಾದಿಯಲ್ಲಿ ಆಳ ಕೆಸರು ಎಷ್ಟು ದೂರ? ಸಾಮಾನ್ಯವಾಗಿ ನೂರಿನ್ನೂರು ಮೀಟರ್. ಉಳಿದದ್ದೆಲ್ಲ ಕಲ್ಲು, ಬೇರು, ಗಟ್ಟಿ ಮಣ್ಣು. ನಯವಾದ ಒದ್ದೆ ಬೇರಿನ ಮೇಲೆ ಆ ದೊಡ್ಡ ಗಂಟು ನೆಲಕ್ಕೆ ಮುಟ್ಟುವ ರಬ್ಬರ್ ಕಡಿಮೆ. ಸಣ್ಣ ಸೀಳುಗಳಿರುವ ಎಟಿ ಅಲ್ಲಿ ಎಷ್ಟೋ ಸಲ ಚೆನ್ನಾಗಿ ಕಚ್ಚುತ್ತದೆ. ಮೇಲಾಗಿ ಎಂಟಿ ಹಾಕಿಕೊಂಡು ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿದರೆ ನಿಲ್ಲಲು ದೂರ ಜಾಸ್ತಿ ಬೇಕು. ಹಾದಿ ತಲುಪಲು ನೂರಾರು ಕಿಲೋಮೀಟರ್ ಆ ಭೋರ್ ಸದ್ದು ಬೇರೆ.

ಹಾಗಾಗಿ ಎಟಿ. ಅದರಲ್ಲೂ ಎಲ್‌ಟಿ (ಲೈಟ್ ಟ್ರಕ್) ಗುರುತಿನ, ಪಕ್ಕದ ಗೋಡೆ ಗಟ್ಟಿ ಇರುವ ಎಟಿ. ಸ್ವಲ್ಪ ಭಾರ, ಸ್ವಲ್ಪ ಒರಟು, ಇಂಧನ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಇರಲಿ.

ಗಾಳಿಯ ವಿಷಯ ಟೈರ್ ಜಾತಿಗಿಂತಲೂ ದೊಡ್ಡದು. ರಸ್ತೆಯಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟಿದ್ದೀರಿ ಅಂದುಕೊಳ್ಳಿ. ಹಾದಿ ಶುರುವಾಗುವಲ್ಲಿ ನಿಲ್ಲಿಸಿ 22ರ ಹತ್ತಿರಕ್ಕೆ ಇಳಿಸಿ. ಟೈರ್ ನೆಲಕ್ಕೆ ಊರುವ ಗುರುತು ಉದ್ದವಾಗುತ್ತದೆ, ಬೇರು ಕಲ್ಲುಗಳನ್ನು ತಬ್ಬಿಕೊಂಡು ಹೋಗುತ್ತದೆ. ವ್ಯತ್ಯಾಸ ನೋಡಲು ಒಂದು ಸುಲಭ ದಾರಿ ಇದೆ. ಒಂದೇ ಸಣ್ಣ ಏರನ್ನು ಮೊದಲು ಪೂರ್ತಿ ಗಾಳಿಯಲ್ಲಿ ಹತ್ತಿ, ಆಮೇಲೆ ಇಳಿಸಿಕೊಂಡು ಹತ್ತಿ. ಮೊದಲ ಸಲ ಚೆಂಡಿನ ಹಾಗೆ ಪುಟಿದ ಗಾಡಿ ಎರಡನೇ ಸಲ ಹಾಸಿಗೆ ಮೇಲೆ ನಡೆದ ಹಾಗೆ ಹೋಗುತ್ತದೆ. ಸಾದಾ ರಿಮ್ ಇದ್ದರೆ 18ರ ಕೆಳಗೆ ಹೋಗಬೇಡಿ. 15ರ ಕೆಳಗಂತೂ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಹೊರಗೆ ಬರಬಹುದು. ಗಾಳಿ ಇಳಿಸಿದ ಮೇಲೆ ನಿಧಾನವೇ ಗತಿ, ಮತ್ತೆ ತುಂಬಿಸದೆ ಹೆದ್ದಾರಿಗೆ ಹೋಗುವ ಹಾಗಿಲ್ಲ. ಹಾಗಾಗಿ ಕಂಪ್ರೆಸರ್ ಜೊತೆಗಿರಲೇಬೇಕು. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಪುಟ್ಟದ್ದು ಸಣ್ಣ ಟೈರಿಗೆ ಓಕೆ. ದೊಡ್ಡ ಟೈರ್ ನಾಲ್ಕಕ್ಕೆ ಅದು ಬಿಸಿಯಾಗಿ ಸುಸ್ತಾಗುತ್ತದೆ, ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದು ತಗೊಳ್ಳಿ.

ಲಾಕರ್ ಬೇಕಾ?

ಸಾದಾ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ಬಲ ಕೊಡುತ್ತದೆ. ಕೇಳಲು ನ್ಯಾಯ ಅನಿಸುತ್ತದೆ. ಆದರೆ ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಅದನ್ನು ತಿರುಗಿಸಲು ಬೇಕಾದ ಬಲ ಸೊನ್ನೆಯ ಹತ್ತಿರ. ಸಮಪಾಲು ಅಂದಮೇಲೆ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ. ಗಾಡಿ ನಿಂತೇ ಇರುತ್ತದೆ, ಒಂದು ಚಕ್ರ ಮಾತ್ರ ಫ್ಯಾನಿನ ಹಾಗೆ ತಿರುಗುತ್ತದೆ.

ಇದಕ್ಕೆ ಎರಡು ಮದ್ದು. ಲಾಕರ್ ಎರಡೂ ಚಕ್ರವನ್ನು ಒಂದೇ ಕಂಬಿಗೆ ಕಟ್ಟಿದ ಹಾಗೆ ಮಾಡುತ್ತದೆ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಾಕರ್ ಕೊಡುತ್ತಾರೆ, ರೂಬಿಕಾನ್‌ನಲ್ಲೂ ಹಾಗೇ. ಇನ್ನೊಂದು ಬ್ರೇಕ್ ಹಿಡಿಯುವ ಟ್ರ್ಯಾಕ್ಷನ್ ಕಂಟ್ರೋಲ್. ಖಾಲಿ ತಿರುಗುವ ಚಕ್ರವನ್ನು ಅದು ಬ್ರೇಕ್ ಹಾಕಿ ಹಿಡಿಯುತ್ತದೆ, ಆಗ ಬಲ ಇನ್ನೊಂದು ಕಡೆ ಹೋಗುತ್ತದೆ.

ಎಲೆಕ್ಟ್ರಾನಿಕ್ಸ್ ಸೋತಿತು ಅಂತ ಹೇಳುವ ಬಹಳ ಜನ ಅದಕ್ಕೆ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಚಕ್ರ ತಿರುಗಿದ ಕೂಡಲೇ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟುಬಿಡುತ್ತಾರೆ. ನಾನೂ ಬಿಡುತ್ತಿದ್ದೆ. ಬಿಡಬಾರದು. ಹದವಾಗಿ ಒತ್ತಿ ಹಿಡಿದು ಒಂದು, ಎರಡು, ಮೂರು ಎಣಿಸಿ. ಕಟಕಟ, ಕಟಕಟ ಅಂತ ಬ್ರೇಕ್ ಕಚ್ಚುವ ಸದ್ದು ಬರುತ್ತದೆ, ಆಮೇಲೆ ಗಾಡಿ ಇಷ್ಟಿಷ್ಟೇ ಮುಂದೆ ಸರಿಯುತ್ತದೆ.

ಮಧ್ಯಮ ಹಾದಿಗೆ ಅಷ್ಟು ಸಾಕು. ಲಾಕರ್ ಇದ್ದರೆ ಸಂತೋಷ, ಇಲ್ಲ ಅಂತ ಗಾಡಿ ಬದಲಿಸಬೇಡಿ. ಲಾಕರ್ ಹಾಕಿದಾಗ ಗಾಡಿ ತಿರುಗಲು ಹಟ ಮಾಡುತ್ತದೆ. ಪಕ್ಕಕ್ಕೆ ವಾಲಿದ ಜಾರುನೆಲದಲ್ಲಿ ಎರಡೂ ಹಿಂದಿನ ಚಕ್ರ ಒಟ್ಟಿಗೆ ಜಾರಿ ಗಾಡಿಯ ಬಾಲ ಕೆಳಗೆ ಸರಿಯುತ್ತದೆ. ಇಳಿಯುವಾಗ ಅದರ ಅಗತ್ಯ ತೀರಾ ಕಡಿಮೆ. ನನ್ನ ಮೊದಲ ಪ್ರಶ್ನೆಗೆ ಲಾಕರ್ ಉತ್ತರ ಕೊಡುವುದಿಲ್ಲ, ಅದಕ್ಕೇ ಪಟ್ಟಿಯಲ್ಲಿ ಕೆಳಗೆ.

ಮ್ಯಾನುವಲ್, ಆಟೊಮ್ಯಾಟಿಕ್, ಪೆಟ್ರೋಲ್, ಡೀಸೆಲ್

ಇದರ ಬಗ್ಗೆ ಜಗಳ ಆಡುವವರು ಆಡಲಿ. ಹೊಸಬರಿಗೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ಸುಲಭ. ಏರಿನ ನಡುವೆ ನಿಂತರೂ ಮತ್ತೆ ನಯವಾಗಿ ಹೊರಡುತ್ತದೆ, ಕ್ಲಚ್ ಸುಡುವ ಆ ಕೊಳಕು ವಾಸನೆ ಇಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಲ್ಲಿನ ಮೇಲಿಂದ ಇಂಚಿಂಚು ಇಳಿಸಬಹುದು. ಇಳಿತದಲ್ಲಿ ಎಂಜಿನ್ ಹಿಡಿತ ಮಾತ್ರ ಮ್ಯಾನುವಲ್‌ನಷ್ಟು ಗಟ್ಟಿ ಇರುವುದಿಲ್ಲ. ಡಿ ಯಲ್ಲಿ ಬಿಟ್ಟು ಇಳಿಯಬೇಡಿ, ಕೈಯಾರೆ ಒಂದನೇ ಗೇರಿಗೆ ಹಾಕಿ.

ಮ್ಯಾನುವಲ್‌ನವರಿಗೆ ನನ್ನದೊಂದೇ ಮಾತು. ಲೋ ರೇಂಜ್ ಒಂದನೇ ಗೇರ್ ಹಾಕಿ ಇಳಿಯುವಾಗ ಕ್ಲಚ್ ಕಡೆಗೆ ಕಾಲೇ ಹೋಗಬಾರದು. ಕ್ಲಚ್ ಒತ್ತಿದ ಕ್ಷಣ ಎಂಜಿನ್ ಹಿಡಿತ ಹೋಯಿತು, ಗಾಡಿ ಓಡಿತು. ಅಭ್ಯಾಸಬಲದಿಂದ ಬ್ರೇಕ್ ಜೊತೆ ಕ್ಲಚ್ ತುಳಿಯುವ ಆ ಎಡಗಾಲನ್ನು ಸೀಟಿನ ಕೆಳಗೆ ಮಡಚಿ ಇಟ್ಟುಕೊಳ್ಳಿ. ತಮಾಷೆ ಅಲ್ಲ, ನಾನು ಹಾಗೇ ಮಾಡುತ್ತೇನೆ.

ಪೆಟ್ರೋಲ್ ಡೀಸೆಲ್ ವ್ಯತ್ಯಾಸ ಇಲ್ಲಿ ಅಂಥ ದೊಡ್ಡದಲ್ಲ. ಡೀಸೆಲ್ ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ, ತೆವಳುವುದು ಸಲೀಸು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಎತ್ತರದ ಬೆಟ್ಟಗಳಿಗೆ ಹೋಗುವವರು ಅಷ್ಟನ್ನು ಲೆಕ್ಕಕ್ಕೆ ಇಟ್ಟುಕೊಂಡರೆ ಸಾಕು.

ಸಿಕ್ಕಿಕೊಂಡಾಗ: ವಿಂಚ್, ಹಗ್ಗ, ಹಲಗೆ

ವಿಂಚ್ (ಕೇಬಲ್ ಸುತ್ತಿಕೊಂಡು ಗಾಡಿಯನ್ನು ಎಳೆಯುವ ಯಂತ್ರ) ಗಾಡಿಯ ಮೂತಿಯ ಮೇಲೆ ಕೂತಿದ್ದರೆ ಧೈರ್ಯ. ಒಬ್ಬರೇ ಇದ್ದರೂ ಮರ ಇರುವ ಕಡೆ ಹೊರಗೆ ಬರಬಹುದು. ಆದರೆ ಹತ್ತಾರು ಕಿಲೋ ತೂಕ ಮುಂದೆ ಬೀಳುತ್ತದೆ. ಇಳಿಯುವಾಗ ಆ ಭಾರವೂ ಮೂತಿಯ ಕಡೆಗೇ. ತಗೊಂಡರೆ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು ತಗೊಳ್ಳಿ. ಸಾಮಾನು ಸಮೇತ 2 ಟನ್ ಇದ್ದರೆ ಕನಿಷ್ಠ 3 ಟನ್. ಮರಕ್ಕೆ ನೇರವಾಗಿ ಕೇಬಲ್ ಸುತ್ತಬೇಡಿ, ತೊಗಟೆ ಕತ್ತರಿಸಿಹೋಗುತ್ತದೆ. ಅಗಲ ಪಟ್ಟಿ ಸುತ್ತಿ ಅದಕ್ಕೆ ಕೊಕ್ಕೆ ಹಾಕಿ.

ಎರಡು ಗಾಡಿ ಹೋಗುವುದಾದರೆ ಕೈನೆಟಿಕ್ ಹಗ್ಗ ವಿಂಚಿಗಿಂತ ಬೇಗ ಕೆಲಸ ಮುಗಿಸುತ್ತದೆ. ನೈಲಾನ್ ಹಗ್ಗ ಶೇ. 30ರವರೆಗೆ ಹಿಗ್ಗಿ, ರಬ್ಬರಿನ ಹಾಗೆ ಗಾಡಿಯನ್ನು ಎಳೆದು ತರುತ್ತದೆ. ಅದೇ ಹಿಗ್ಗು ಅಪಾಯವೂ ಹೌದು. ಹಗ್ಗವನ್ನು ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಪಾಯಿಂಟಿಗೇ (ಎಳೆಯಲೆಂದೇ ಇರುವ ಕೊಂಡಿ) ಹಾಕಬೇಕು. ಟ್ರೇಲರ್ ಕಟ್ಟುವ ಉಂಡೆಯಂಥ ಟೋ ಬಾಲ್‌ಗೆ ಎಂದಿಗೂ ಹಾಕಬಾರದು. ಅದು ಕಿತ್ತು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.

ನನ್ನ ಮೆಚ್ಚಿನದು ಮಾತ್ರ ಎಲ್ಲಕ್ಕಿಂತ ಸಾದಾ: ಚಕ್ರದ ಕೆಳಗೆ ಹಿಡಿತಕ್ಕೆ ಇಡುವ ಎರಡು ಟ್ರ್ಯಾಕ್ಷನ್ ಹಲಗೆ, ಒಂದು ಸಲಿಕೆ. ಹಿಗ್ಗಿದ ಹಗ್ಗದಲ್ಲಿರುವಂಥ ಬಲ ಅದರಲ್ಲಿ ಇಲ್ಲ. ಮಧ್ಯಮ ಹಾದಿಯಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಒಂದಡಿ ಕೆಸರಲ್ಲಿ, ಹತ್ತು ನಿಮಿಷ ಅಗೆದು ಹಲಗೆ ಕೊಟ್ಟರೆ ಆಯಿತು. ಚಕ್ರವನ್ನು ಸುಮ್ನೆ ತಿರುಗಿಸಿ ಹೂತುಕೊಳ್ಳುವ ಮೊದಲೇ ಇಳಿದು ಸಲಿಕೆ ಹಿಡಿಯಬೇಕು ಅಷ್ಟೇ.

ಯಾವ ಕಡೆಯಿಂದ, ಯಾವಾಗ, ಯಾರ ಜೊತೆ

ಒಂದೇ ಹಾದಿಗೆ ಎರಡು ತುದಿ ಇದ್ದರೆ ಕಡಿದಾದ ಕಡೆಯಿಂದ ಹತ್ತಿ, ಸಪಾಟಾದ ಕಡೆ ಇಳಿಯಿರಿ. ಹತ್ತಲು ಆಗದಿದ್ದರೆ ವಾಪಸ್ ಬರಬಹುದು. ಇಳಿಯಲು ಶುರು ಮಾಡಿದ ಮೇಲೆ ಅರ್ಧದಲ್ಲಿ ಬೇಡ ಅನಿಸಿದರೆ ಆ ಏರನ್ನು ರಿವರ್ಸ್‌ನಲ್ಲಿ ಹತ್ತಬೇಕು.

ಏರಿನಲ್ಲಿ ಸೋತರೆ ಗಾಡಿ ತಿರುಗಿಸಲು ಹೋಗಲೇಬೇಡಿ. ಇಳಿಜಾರಿಗೆ ಅಡ್ಡ ನಿಂತ ಗಾಡಿ ಉರುಳುತ್ತದೆ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಎಂಜಿನ್ ಹಿಡಿತದಲ್ಲೇ ನೇರವಾಗಿ ಹಿಂದಕ್ಕೆ ಬನ್ನಿ. ನ್ಯೂಟ್ರಲ್ ಅನ್ನುವ ಯೋಚನೆಯೇ ಬೇಡ. ಎದುರಿನಿಂದ ಗಾಡಿ ಬಂದರೆ ಸಾಮಾನ್ಯ ರೂಢಿ ಹತ್ತುವವರಿಗೆ ದಾರಿ ಬಿಡುವುದು. ಇಳಿಯುವವರು ಹಿಂದಕ್ಕೆ ಅಂದರೆ ಮೇಲಕ್ಕೆ ಹೋಗುತ್ತಾರೆ, ಗಾಡಿ ಅವರ ಹಿಡಿತದಲ್ಲಿರುತ್ತದೆ. ಹತ್ತುವವರು ಹಿಂದಕ್ಕೆ ಬರುವುದು ಅದಕ್ಕಿಂತ ಕಷ್ಟ.

ಬೆಳಗ್ಗೆಯೋ ಮಧ್ಯಾಹ್ನವೋ? ಬೆಳಗ್ಗೆಯೇ. ಕಾಡಲ್ಲಿ ಕತ್ತಲೆ ಬೇಗ ಬರುತ್ತದೆ, ಸಂಜೆಯ ಓರೆ ಬಿಸಿಲು ಮರಗಳ ಸಂದಿಯಲ್ಲಿ ಕಣ್ಣಿಗೆ ಚುಚ್ಚಿ ನೆರಳೋ ಗುಂಡಿಯೋ ಗೊತ್ತಾಗುವುದಿಲ್ಲ. ಮೊಬೈಲ್ ನಕ್ಷೆಯೋ ಕಾಗದದ ನಕ್ಷೆಯೋ ಅಂದರೆ ಎರಡೂ. ಮೊದಲೇ ಇಳಿಸಿಟ್ಟುಕೊಂಡ ನಕ್ಷೆ ಸಿಗ್ನಲ್ ಇಲ್ಲದೆಯೂ ನಡೆಯುತ್ತದೆ, ಆದರೆ ಚಾರ್ಜ್ ಇಲ್ಲದೆ ನಡೆಯುವುದಿಲ್ಲ. ಹಾದಿ ಆ ತಿಂಗಳು ಗಾಡಿಗಳಿಗೆ ತೆರೆದಿದೆಯಾ ಅಂತ ಹೊರಡುವ ಮೊದಲೇ ಅಲ್ಲಿನ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಎಷ್ಟೋ ಕಡೆ ಮಳೆಯಲ್ಲಿ ಮುಚ್ಚುತ್ತಾರೆ.

ಕೆಸರು ಸಿಕ್ಕಾಗ ಪಕ್ಕದ ಗಿಡಗಳ ಮೇಲೆ ಹತ್ತಿಸಿ ಬಳಸಿಕೊಂಡು ಹೋಗುವ ಆಸೆ ಆಗುತ್ತದೆ. ಒಬ್ಬರು ಹೋದರೆ ಹತ್ತು ಜನ ಹೋಗುತ್ತಾರೆ, ಮುಂದಿನ ವರ್ಷ ಹಾದಿ ಮೂರು ಪಟ್ಟು ಅಗಲ. ಆಮೇಲೆ ಅದನ್ನು ಎಲ್ಲರಿಗೂ ಮುಚ್ಚುತ್ತಾರೆ. ದಾಟಲು ಆಗುತ್ತದೆ ಅನಿಸಿದರೆ ನಡುವೆಯೇ ದಾಟಿ, ಇಲ್ಲದಿದ್ದರೆ ವಾಪಸ್ ಬನ್ನಿ. ಹಳ್ಳವಾದರೆ ಮೊದಲು ಕಾಲಲ್ಲಿ ದಾಟಿ ನೋಡಿ. ನೀರು ಕಲಕಿ ತಳ ಕಾಣದಿದ್ದರೆ, ಹರಿವಿಗೆ ನಿಮ್ಮ ಕಾಲೇ ನಿಲ್ಲದಿದ್ದರೆ, ಗಾಡಿ ಇಳಿಸಬೇಡಿ.

ಒಂದೇ ಗಾಡಿಯೋ ಎರಡೋ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಚರ್ಚೆ ಇಲ್ಲ. ಮೊದಲ ಕೆಲವು ಸಲ ಎರಡು. ಲಾಕರ್, ವಿಂಚ್, ಲಿಫ್ಟ್ ಎಲ್ಲ ಇರುವ ಒಂದು ಗಾಡಿಗಿಂತ ಎಟಿ ಟೈರ್ ಹಾಕಿದ ಎರಡು ಸಾದಾ ಗಾಡಿ ಮೇಲು. ಒಬ್ಬರು ಇಳಿದು ಮುಂದೆ ನಿಂತು ಕೈ ಸನ್ನೆ ಮಾಡಿದರೆ ಅರ್ಧ ಕಷ್ಟ ಕಡಿಮೆ. ಸನ್ನೆ ಮಾಡುವವರು ಒಬ್ಬರೇ ಇರಬೇಕು, ಮೂರು ಜನ ಮೂರು ಕಡೆ ಕೈ ತೋರಿಸಿದರೆ ದೇವರೇ ಗತಿ.

ಹಾದಿ ಮುಗಿದು ಡಾಂಬರು ಸಿಕ್ಕಿದ ಕೂಡಲೇ ಹೊರಟುಬಿಡಬೇಡಿ. ಟೂ ವೀಲ್ ಡ್ರೈವ್‌ಗೆ ಬದಲಿಸಿ, ಗಾಳಿ ತುಂಬಿಸಿ. ಕಂಪ್ರೆಸರ್ ಓಡುತ್ತಿರುವಾಗ ಮಂಡಿಯೂರಿ ಗಾಡಿಯ ಕೆಳಗೆ ಇಣುಕಿ. ಸೈಲೆನ್ಸರ್ ಸುತ್ತ ಒಣ ಹುಲ್ಲು, ಎಲೆ ಸಿಕ್ಕಿಕೊಂಡಿದ್ದರೆ ಕಡ್ಡಿಯಿಂದ ಕಿತ್ತು ಹಾಕಿ. ಬಿಸಿ ಪೈಪಿಗೆ ತಾಗಿದ ಹುಲ್ಲು ಅಲ್ಲೇ ಹೊತ್ತಿಕೊಳ್ಳಬಹುದು, ಹೆದ್ದಾರಿಗೆ ಹೋಗಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಹೊತ್ತಿಕೊಳ್ಳಬಹುದು. ಒಮ್ಮೆ ನನ್ನ ಗಾಡಿಯ ಕೆಳಗೆ ಹಕ್ಕಿಗೂಡಿನಷ್ಟು ಹುಲ್ಲು ಸಿಕ್ಕಿತ್ತು. ಕಿತ್ತಾಗ ಅದರ ಒಂದು ಬದಿ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು.